ಆನ್‌ಲೈನ್ ಆರ್‌ಪಿಜಿಗಳಲ್ಲಿ ಯಾವ ಕ್ಲಾಸ್ ಎಷ್ಟು ಕಷ್ಟ? ಪದೇ ಪದೇ ಕೇಳುವ ಪ್ರಶ್ನೆಗಳು

ಆರ್‌ಪಿಜಿ ಅಂದರೆ ಒಂದು ಪಾತ್ರವಾಗಿ ಆಡುವ ಗೇಮ್. ಹೊಸದನ್ನು ತೆರೆದ ಕೂಡಲೇ ಕ್ಲಾಸ್, ಅಂದರೆ ನಿಮ್ಮ ಪಾತ್ರದ ಬಗೆ, ಆರಿಸಿ ಅನ್ನುತ್ತದೆ. ಇನ್ನೂ ಒಂದು ಏಟೂ ಹೊಡೆದಿರುವುದಿಲ್ಲ. ಆಗಲೇ ಮುಂದಿನ ನೂರಾರು ಗಂಟೆ ಹೇಗೆ ಆಡುತ್ತೀರಿ ಅಂತ ನಿರ್ಧರಿಸಬೇಕು. ಹಾಗಾಗಿ ಈ ಪ್ರಶ್ನೆಗಳು ಬರುತ್ತಲೇ ಇರುತ್ತವೆ. ಇಲ್ಲಿನ ಉದಾಹರಣೆಗಳು ಹೆಚ್ಚಾಗಿ ವರ್ಲ್ಡ್ ಆಫ್ ವಾರ್‌ಕ್ರಾಫ್ಟ್, ಫೈನಲ್ ಫ್ಯಾಂಟಸಿ 14, ಗಿಲ್ಡ್ ವಾರ್ಸ್ 2 ಮತ್ತು ಹಳೆಯ ಎವರ್‌ಕ್ವೆಸ್ಟ್‌ನಿಂದ ಬಂದವು. ನೀವು ಆಡುವ ಗೇಮ್ ಬೇರೆ ಇದ್ದರೂ ಲೆಕ್ಕಾಚಾರ ಸುಮಾರಾಗಿ ಇದೇ.

ಸುತ್ತಿ ಬಳಸದೆ ಹೇಳಿ, ಅತಿ ಕಷ್ಟದ ಕ್ಲಾಸ್ ಯಾವುದು?

ಗುಂಪಿನಲ್ಲಿ ಆಡುವುದಾದರೆ, ಗೊತ್ತಿಲ್ಲದ ಡಂಜನ್‌ಗೆ (ಗುಂಪಾಗಿ ನುಗ್ಗಿ ಬಾಸ್ ಅನ್ನುವ ದೊಡ್ಡ ಶತ್ರುಗಳನ್ನು ಹೊಡೆಯುವ ಜಾಗ) ಮೊದಲ ಸಲ ಕಾಲಿಡುವ ಟ್ಯಾಂಕ್ (ಎಲ್ಲರ ಮುಂದೆ ನಿಂತು ಏಟು ತಿನ್ನುವವರು). ಒಬ್ಬರೇ ಆಡುವುದಾದರೆ, ತಪ್ಪಿಸಿಕೊಂಡು ಓಡುವ ದಾರಿಯೇ ಇಲ್ಲದ ಕ್ಲಾಸ್. ಬೆರಳುಗಳಿಗೆ ಬೀಳುವ ಕೆಲಸ ನೋಡಿದರೆ, ಗಿಲ್ಡ್ ವಾರ್ಸ್ 2ರ ಎಲಿಮೆಂಟಲಿಸ್ಟ್‌ನಂಥವು. ಒಂದು ಉತ್ತರ ಕೇಳಿದಿರಿ, ಮೂರು ಬಂತು. ಏನು ಮಾಡುವುದು, ಕಷ್ಟ ಒಂದೇ ಜಾಗದಲ್ಲಿ ಕೂತಿರುವುದಿಲ್ಲ. ಯಾರಾದರೂ ಒಂದೇ ಹೆಸರು ಹೇಳಿ ಮುಗಿಸಿದರೆ, ಅವರು ಆ ಗೇಮ್‌ನಲ್ಲಿ ಯಾವ ಭಾಗ ಆಡುತ್ತಾರೆ ಅಂತ ಮೊದಲು ಕೇಳಿ.

ಹಾಗಾದರೆ ಕಷ್ಟವನ್ನು ಅಳೆಯುವುದು ಹೇಗೆ?

ನಾನು ಮೊದಲು ನೋಡುವುದು, ಒಂದು ಕ್ಲಾಸ್ ಎತ್ತಿಕೊಂಡು ನಾಚಿಕೆ ಇಲ್ಲದೆ ಪಾರ್ಟಿ, ಅಂದರೆ ಆಡುವ ಗುಂಪು, ಸೇರುವ ಮಟ್ಟಕ್ಕೆ ಬರಲು ಎಷ್ಟು ಹೊತ್ತು ಬೇಕು ಅಂತ. ಆಮೇಲೆ, ಆ ಮಟ್ಟದಿಂದ ತುದಿಗೆ ಹೋಗಲು ಇನ್ನೂ ಎಷ್ಟು ಕಲಿಯುವುದು ಉಳಿದಿದೆ ಅಂತ. ಇವೆರಡೂ ಬೇರೆ ಬೇರೆ ವಿಷಯ. ಶುರುವಿನಲ್ಲಿ ಸಲೀಸಾಗಿರುವ ಎಷ್ಟೋ ಕ್ಲಾಸ್‌ಗಳು ಮೇಲೆ ಹೋದಂತೆ ಬೆವರಿಳಿಸುತ್ತವೆ. ಕೆಲವು ಮೊದಲ ವಾರ ಸತಾಯಿಸಿ, ಒಮ್ಮೆ ಕೈಗೆ ಕೂತ ಮೇಲೆ ನಿದ್ದೆಯಲ್ಲೂ ಆಡುವಷ್ಟು ಸುಲಭವಾಗುತ್ತವೆ.

ಆದರೆ ಜನ ಮರೆಯುವ ಅಳತೆ ಬೇರೆ ಇದೆ. ತಪ್ಪು ಮಾಡಿದರೆ ಏನಾಗುತ್ತದೆ ಅನ್ನುವುದು. ಬಾಣ ಬಿಡುವವರು ಒಂದು ಸ್ಕಿಲ್ ಮರೆತರೆ ಡ್ಯಾಮೇಜ್ ಒಂದಿಷ್ಟು ಕಡಿಮೆಯಾಗುತ್ತದೆ, ಯಾರಿಗೂ ಗೊತ್ತಾಗುವುದಿಲ್ಲ. ಟ್ಯಾಂಕ್ ಅದೇ ತಪ್ಪು ಮಾಡಿದರೆ ಎಲ್ಲರೂ ನೆಲದ ಮೇಲೆ. ತಪ್ಪಿನ ಬೆಲೆ ಜಾಸ್ತಿ ಇದ್ದಷ್ಟೂ ಕ್ಲಾಸ್ ಕಷ್ಟ ಅನ್ನಿಸುತ್ತದೆ, ಬಟನ್ ಕಡಿಮೆ ಇದ್ದರೂ ಸಹ.

ಗೇರ್ (ಆಯುಧ, ಕವಚ) ಮತ್ತು ಜೊತೆಗಾರರ ಮೇಲೆ ಎಷ್ಟು ಅವಲಂಬನೆ ಇದೆ ಅನ್ನುವುದನ್ನೂ ಸೇರಿಸಿಕೊಳ್ಳಿ. ಅದರ ಬಗ್ಗೆ ಕೆಳಗೆ ವಾರಿಯರ್ ವಿಚಾರದಲ್ಲಿ ಬರುತ್ತದೆ.

ನಾನು ಪೂರ್ತಿ ಹೊಸಬ. ಯಾವುದನ್ನು ತೆಗೆದುಕೊಳ್ಳಲಿ?

ದೂರದಿಂದ ಹೊಡೆಯುವ, ನಡೆಯುತ್ತಲೇ ಹೊಡೆಯಲು ಬರುವ ಕ್ಲಾಸ್. ವರ್ಲ್ಡ್ ಆಫ್ ವಾರ್‌ಕ್ರಾಫ್ಟ್‌ನಲ್ಲಿ ಬೀಸ್ಟ್ ಮಾಸ್ಟರಿ ಹಂಟರ್. ಮುಂದೆ ನಿಂತು ಏಟು ತಿನ್ನಲು ಪೆಟ್ (ಜೊತೆಗೆ ಹೋರಾಡುವ ಸಾಕುಪ್ರಾಣಿ) ಇರುತ್ತದೆ. ನೀವು ಹಿಂದೆ ನಿಂತು ಏನು ನಡೆಯುತ್ತಿದೆ ಅಂತ ನೋಡಬಹುದು. ಬಾಸ್ ನೆಲದ ಮೇಲೆ ಬೆಂಕಿ ಹಾಕಿದರೆ ಸುಮ್ನೆ ಪಕ್ಕಕ್ಕೆ ಸರಿಯಿರಿ, ಹೊಡೆಯುವುದು ನಿಲ್ಲುವುದಿಲ್ಲ. ಹೊಸಬರಿಗೆ ಬೇಕಾದದ್ದು ಇದೇ. ಸ್ಕಿಲ್‌ಗಳ ಮೇಲಿನ ಕಣ್ಣು ತೆಗೆದು ಆಟದ ಮೇಲೆ ಇಡುವ ಬಿಡುವು.

ಫೈನಲ್ ಫ್ಯಾಂಟಸಿ 14ರಲ್ಲಾದರೆ ಈಗಿನ ಸಮ್ಮನರ್. ಎಲ್ಡರ್ ಸ್ಕ್ರೋಲ್ಸ್ ಆನ್‌ಲೈನ್‌ನಲ್ಲಾದರೆ 2023ರಲ್ಲಿ ಬಂದ ಆರ್ಕನಿಸ್ಟ್. ಅದರ ಮುಖ್ಯ ಏಟು ಉದ್ದಕ್ಕೆ ಹಾಯುವ ಒಂದು ಕಿರಣ. ಒತ್ತಿ, ಗುರಿ ಹಿಡಿದು ನಿಂತರೆ ಡ್ಯಾಮೇಜ್‌ನ ದೊಡ್ಡ ಪಾಲು ಬಂದ ಹಾಗೆಯೇ.

ಒಂದು ಮಾತು. ನಿಮಗೆ ಕತ್ತಿ ಹಿಡಿದು ಮುಂದೆ ನುಗ್ಗುವುದೇ ಇಷ್ಟ ಅಂದರೆ ಈ ಸಲಹೆ ಪಕ್ಕಕ್ಕಿಡಿ. ಸುಲಭ ಅಂತ ಆರಿಸಿ, ಬೇಜಾರು ಬಂದು ಗೇಮ್ ಬಿಟ್ಟವರೇ ಜಾಸ್ತಿ.

ವಾರಿಯರ್ ಎಲ್ಲಕ್ಕಿಂತ ಸುಲಭ ಅಂತಾರಲ್ಲ? ಕತ್ತಿ ಬೀಸುವುದು ತಾನೇ?

ಈ ನಂಬಿಕೆ ಹಳೆಯದು. ಮಂತ್ರ ಕಲಿಯಬೇಕಾಗಿಲ್ಲ, ಮಾನಾ (ಮಂತ್ರಕ್ಕೆ ಬೇಕಾದ ಶಕ್ತಿ) ನೋಡಬೇಕಾಗಿಲ್ಲ, ರಕ್ಷಾಕವಚ ದಪ್ಪ. ಕಾಗದದ ಮೇಲೆ ಸುಲಭವೇ. ಕೆಲವು ಗೇಮ್‌ಗಳಲ್ಲಿ ನಿಜವೂ ಹೌದು. ಗಿಲ್ಡ್ ವಾರ್ಸ್ 2ರಲ್ಲಿ 80ನೇ ಲೆವೆಲ್‌ನ ವಾರಿಯರ್‌ಗೆ ಗೇರ್ ಸೇರಿಸುವ ಮೊದಲೇ 19,212 ಹೆಲ್ತ್ ಇರುತ್ತದೆ. ಅದೇ ಲೆವೆಲ್‌ನ ಎಲಿಮೆಂಟಲಿಸ್ಟ್‌ಗೆ ಇರುವುದು 11,645. ವಾರಿಯರ್ ಎರಡು ಸಲ ತಪ್ಪು ಮಾಡಿ ಬದುಕುವ ಜಾಗದಲ್ಲಿ ಎಲಿಮೆಂಟಲಿಸ್ಟ್ ಒಂದಕ್ಕೇ ಬೀಳುತ್ತಾರೆ.

ಆದರೆ 2019ರಲ್ಲಿ ಮತ್ತೆ ತೆರೆದ ವರ್ಲ್ಡ್ ಆಫ್ ವಾರ್‌ಕ್ರಾಫ್ಟ್ ಕ್ಲಾಸಿಕ್‌ಗೆ ಬನ್ನಿ. ಅಲ್ಲಿ ಒಬ್ಬರೇ ಲೆವೆಲ್ ಏರುವ ವಾರಿಯರ್ ಪಾಡು ನೋಡಲಾಗದು. ವಾರಿಯರ್‌ನ ಶಕ್ತಿ ರೇಜ್. ಅದು ಮುಖ್ಯವಾಗಿ ನಿಮ್ಮ ಏಟು ತಗುಲಿದಾಗ ಅಥವಾ ನೀವು ಏಟು ತಿಂದಾಗ ತುಂಬುತ್ತದೆ. ಹಳೆಯ ಕತ್ತಿ ಇಟ್ಟುಕೊಂಡು ನಿಮಗಿಂತ ದೊಡ್ಡ ಲೆವೆಲ್‌ನ ಪ್ರಾಣಿಯನ್ನು ಹೊಡೆದರೆ ಏಟು ತಪ್ಪುತ್ತದೆ. ಏಟು ತಪ್ಪಿದರೆ ರೇಜ್ ಇಲ್ಲ, ರೇಜ್ ಇಲ್ಲದಿದ್ದರೆ ಸ್ಕಿಲ್ ಇಲ್ಲ. ಗಾಯ ವಾಸಿ ಮಾಡಿಕೊಳ್ಳುವ ಮಂತ್ರ ಇಲ್ಲ. ಎರಡನೇ ಶತ್ರು ಜೊತೆ ಸೇರಿತು ಅಂದರೆ ಓಡಿ ಬದುಕುವ ದಾರಿಯೂ ಕಷ್ಟ. ಒಂದು ಜಗಳ ಮುಗಿದ ಮೇಲೆ ಕೂತು ತಿಂದು ಹೆಲ್ತ್ ತುಂಬಿಸಿಕೊಳ್ಳಬೇಕು. ಆಮೇಲೆ ಮುಂದಿನದು. ಅದೇ ಹೊತ್ತಿನಲ್ಲಿ ಪಕ್ಕದ ಹಂಟರ್ ಪೆಟ್ ಬಿಟ್ಟು ಮೂರು ಪ್ರಾಣಿ ಮುಗಿಸಿರುತ್ತಾರೆ.

ತಮಾಷೆ ಏನೆಂದರೆ, ಇದೇ ವಾರಿಯರ್ ಕೊನೆಯ ಲೆವೆಲ್ ಮುಟ್ಟಿ ಒಳ್ಳೆಯ ಗೇರ್ ಸೇರಿಸಿ, ಹಿಂದೆ ಹೀಲರ್ (ಗಾಯ ವಾಸಿ ಮಾಡುವವರು), ಸುತ್ತ ಬಫ್ (ಬಲ ಹೆಚ್ಚಿಸುವ ಮಂತ್ರ) ಕೊಡುವವರು ಬಂದ ಮೇಲೆ ರೇಡ್‌ನಲ್ಲಿ (ದೊಡ್ಡ ಗುಂಪಿನ ಕಾಳಗ) ಡ್ಯಾಮೇಜ್ ಪಟ್ಟಿಯ ತುದಿಯಲ್ಲಿ ಕೂರುತ್ತಾರೆ. ಕ್ಲಾಸ್ ಬದಲಾಗಿಲ್ಲ, ಸುತ್ತ ಇರುವುದು ಬದಲಾಯಿತು. ಇಂಥ ಕ್ಲಾಸ್‌ಗೆ ಹತ್ತಕ್ಕೆ ಇಷ್ಟು ಅಂತ ಅಂಕ ಹಾಕಿದರೆ ಅದಕ್ಕೆ ಅರ್ಥವೇ ಇರುವುದಿಲ್ಲ.

ಟ್ಯಾಂಕ್ ಕಷ್ಟವೋ, ಹೀಲರ್ ಕಷ್ಟವೋ?

ಜಗಳ ಹಚ್ಚುವ ಪ್ರಶ್ನೆ. ನನ್ನ ಅಭಿಪ್ರಾಯ ಕೊನೆಗೆ ಹೇಳುತ್ತೇನೆ.

ಟ್ಯಾಂಕ್‌ನ ಬಟನ್‌ಗಳು ಹೆಚ್ಚಿನ ಗೇಮ್‌ಗಳಲ್ಲಿ ಸರಳ. ಶತ್ರುವಿನ ಗಮನ ಹಿಡಿದಿಟ್ಟುಕೊಳ್ಳುವುದು ಹಿಂದೆ ದೊಡ್ಡ ಕೆಲಸವಾಗಿತ್ತು. ಈಗ ಫೈನಲ್ ಫ್ಯಾಂಟಸಿ 14ರಲ್ಲಿ ಶತ್ರುವಿನ ಗಮನ ಸೆಳೆಯುವ ಟ್ಯಾಂಕ್ ಸ್ಟಾನ್ಸ್ ಆನ್ ಮಾಡಿ ಹೊಡೆಯುತ್ತಿದ್ದರೆ ಸಾಕು, ಬಾಸ್ ನಿಮ್ಮನ್ನೇ ನೋಡುತ್ತಿರುತ್ತದೆ. ಕಷ್ಟ ಇರುವುದು ಬಟನ್‌ನಲ್ಲಿ ಅಲ್ಲವೇ ಅಲ್ಲ. ದಾರಿ ನಿಮಗೆ ಗೊತ್ತಿರಬೇಕು. ಎಷ್ಟು ಶತ್ರುಗಳನ್ನು ಒಟ್ಟಿಗೆ ಎಳೆಯಬಹುದು ಅಂತ ಅಂದಾಜಿರಬೇಕು. ಬಾಸ್ ಮುಖ ಪಾರ್ಟಿ ಕಡೆ ತಿರುಗದ ಹಾಗೆ ನಿಲ್ಲಿಸಬೇಕು. ದೊಡ್ಡ ಏಟು ಬರುವ ಮುಂಚೆ ರಕ್ಷಣೆಯ ಕೂಲ್‌ಡೌನ್ (ಒಮ್ಮೆ ಬಳಸಿದರೆ ಮತ್ತೆ ಸಿಗಲು ಕಾಯಬೇಕಾದ ಸ್ಕಿಲ್) ಒತ್ತಿರಬೇಕು, ಬಿದ್ದ ಮೇಲೆ ಒತ್ತಿದರೆ ಉಪಯೋಗವಿಲ್ಲ. ವರ್ಲ್ಡ್ ಆಫ್ ವಾರ್‌ಕ್ರಾಫ್ಟ್‌ನ ಮಿಥಿಕ್ ಪ್ಲಸ್ ಡಂಜನ್‌ಗಳಲ್ಲಿ ಗಡಿಯಾರ ಓಡುತ್ತಿರುತ್ತದೆ, ಯಾವ ಗುಂಪು ಹೊಡೆಯಬೇಕು, ಯಾವುದನ್ನು ಬಿಟ್ಟು ಹೋಗಬೇಕು ಅನ್ನುವ ಲೆಕ್ಕವೂ ಟ್ಯಾಂಕ್ ತಲೆಗೆ ಬೀಳುತ್ತದೆ. ಗೊತ್ತಿಲ್ಲ ಅಂದರೆ ಹಿಂದೆ ನಾಲ್ಕು ಜನ ಕಾಯುತ್ತಾ ನಿಂತಿರುತ್ತಾರೆ. ಒಬ್ಬರಾದರೂ ಸುಮ್ಮನೆ ನಿಲ್ಲುವವರಲ್ಲ.

ಹೀಲರ್‌ನ ಕಷ್ಟ ಬೇರೆ ಜಾತಿಯದು. ನಿಮ್ಮ ಕೆಲಸ ಎಷ್ಟು ಅನ್ನುವುದು ಬೇರೆಯವರ ಕೈಯಲ್ಲಿದೆ. ಚೆನ್ನಾಗಿ ಆಡುವ ಪಾರ್ಟಿ ಸಿಕ್ಕರೆ ಹೀಲರ್‌ಗೆ ಆಕಳಿಕೆ ಬರುತ್ತದೆ. ಬೆಂಕಿಯಲ್ಲೇ ನಿಂತು ಹೊಡೆಯುವ ಪಾರ್ಟಿ ಸಿಕ್ಕರೆ ಅದೇ ಡಂಜನ್ ನರಕ. ಹೀಲರ್‌ಗಳಲ್ಲೂ ಎರಡು ಬಗೆ ನೋಡಿ. ಫೈನಲ್ ಫ್ಯಾಂಟಸಿ 14ರ ವೈಟ್ ಮೇಜ್ ಏಟು ಬಿದ್ದ ಮೇಲೆ ತುಂಬಿಸುವವರು. ಹೆಲ್ತ್ ಇಳಿಯಿತು, ಮಂತ್ರ ಹಾಕಿದೆವು, ಏರಿತು. ಸ್ಕಾಲರ್ ಮತ್ತು 2021ರಲ್ಲಿ ಬಂದ ಸೇಜ್ ಏಟು ಬೀಳುವ ಮುಂಚೆಯೇ ಶೀಲ್ಡ್ ಹಾಕಬೇಕು. ಅಂದರೆ ಏಟು ಯಾವಾಗ ಬರುತ್ತದೆ ಅಂತ ಗೊತ್ತಿರಬೇಕು. ವಾರ್‌ಕ್ರಾಫ್ಟ್‌ನ ಡಿಸಿಪ್ಲಿನ್ ಪ್ರೀಸ್ಟ್ ಇನ್ನೂ ಒಂದು ಹೆಜ್ಜೆ ಮುಂದೆ. ಮೊದಲು ಎಲ್ಲರ ಮೇಲೂ ಅಟೋನ್‌ಮೆಂಟ್ ಹರಡಬೇಕು, ಆಮೇಲೆ ಶತ್ರುವಿಗೆ ಡ್ಯಾಮೇಜ್ ಕೊಡಬೇಕು, ಆ ಡ್ಯಾಮೇಜ್ ಪಾರ್ಟಿಗೆ ಹೀಲ್ ಆಗಿ ಬರುತ್ತದೆ. ಬಾಸ್‌ನ ಹೊತ್ತು ಗೊತ್ತಿಲ್ಲದಿದ್ದರೆ ಈ ಸ್ಪೆಕ್ (ಒಂದು ಕ್ಲಾಸ್‌ನೊಳಗಿನ ಬಗೆ) ಏನೂ ಕೆಲಸಕ್ಕೆ ಬರುವುದಿಲ್ಲ. ಗೊತ್ತಿದ್ದರೆ ಇದರಷ್ಟು ಖುಷಿ ಕೊಡುವ ಹೀಲರ್ ಇಲ್ಲ, ನನ್ನ ಪ್ರಕಾರ.

ಈಗ ತೀರ್ಪು. ಕಲಿಯುವಾಗ ಟ್ಯಾಂಕ್ ಕಷ್ಟ. ಕಲಿತ ಮೇಲೆ ಹೀಲರ್ ಕಷ್ಟ. ಟ್ಯಾಂಕ್‌ಗೆ ಬೇಕಾದ ತಿಳಿವಳಿಕೆ ಒಮ್ಮೆ ತಲೆಗೆ ಹೋದರೆ ಅಲ್ಲೇ ಇರುತ್ತದೆ. ಹೀಲರ್‌ಗೆ ಪ್ರತಿ ಸಲವೂ ಹೊಸ ಜನ, ಹೊಸ ತಪ್ಪುಗಳು.

ಹಾಗಿದ್ದರೆ ಟ್ಯಾಂಕ್, ಹೀಲರ್ ಆಡುವವರು ಯಾವಾಗಲೂ ಕಡಿಮೆ ಇರುವುದು ಕಷ್ಟ ಅಂತಲೇ?

ಕಷ್ಟಕ್ಕಿಂತ ಬೈಗುಳದ ಭಯ ಜಾಸ್ತಿ ಅನ್ನಿಸುತ್ತದೆ. ಗೇಮ್ ಮಾಡುವವರಿಗೂ ಈ ಕೊರತೆ ಚೆನ್ನಾಗಿ ಗೊತ್ತು. ವಾರ್‌ಕ್ರಾಫ್ಟ್ 2011ರಲ್ಲಿ, ಟ್ಯಾಂಕ್, ಹೀಲರ್, ಡ್ಯಾಮೇಜ್ ಅನ್ನುವ ರೋಲ್‌ಗಳಲ್ಲಿ ಜನ ಕಡಿಮೆ ಇರುವುದಕ್ಕೆ ಕ್ಯೂ ಹಾಕಿದವರಿಗೆ ಹೆಚ್ಚುವರಿ ಬಹುಮಾನ ಕೊಡುವ ಪದ್ಧತಿ ತಂದಿತು. ಫೈನಲ್ ಫ್ಯಾಂಟಸಿ 14ರಲ್ಲೂ ಅಂಥದ್ದೇ ಇದೆ. ಕ್ಯೂ ಬೇಗ ಸಿಗುವುದು ಇನ್ನೊಂದು ಬಹುಮಾನ. ಡ್ಯಾಮೇಜ್ ಆಡುವವರು ಕಾಯುತ್ತಾ ಕೂತಿರುವಾಗ ನೀವು ಒಳಗಿರುತ್ತೀರಿ.

ಬಟನ್ ಜಾಸ್ತಿ ಇದ್ದರೆ ಕ್ಲಾಸ್ ಕಷ್ಟ ಅಂತಲೇ ಅರ್ಥವಾ?

ಬಟನ್‌ಗಳ ಎಣಿಕೆಯನ್ನು ನಾನು ಹೆಚ್ಚು ನಂಬುವುದಿಲ್ಲ. ಇಪ್ಪತ್ತು ಬಟನ್ ಇದ್ದರೂ ಒಂದರ ಹಿಂದೆ ಒಂದು ಅದೇ ಕ್ರಮದಲ್ಲಿ ಒತ್ತುವುದಾದರೆ ಎರಡು ದಿನದಲ್ಲಿ ಬೆರಳಿಗೆ ಪಾಠವಾಗುತ್ತದೆ. ಬಾಯಿಪಾಠ ಮಾಡಿದ ಮಗ್ಗಿಯ ಹಾಗೆ. ಐದೇ ಬಟನ್ ಇದ್ದು, ಪ್ರತಿ ಸಲ ಯಾವುದು ಒತ್ತಬೇಕು ಅಂತ ನೋಡಿ ನಿರ್ಧರಿಸಬೇಕಾದರೆ ಅದು ಹೆಚ್ಚು ಕಷ್ಟ.

ಆದರೂ ಕೆಲವು ಕ್ಲಾಸ್‌ಗಳಲ್ಲಿ ಎರಡೂ ಸೇರಿವೆ. ಎಲಿಮೆಂಟಲಿಸ್ಟ್ ಹೇಳಿದೆನಲ್ಲ. ಜಗಳದ ನಡುವೆ ಅವರು ಆಯುಧ ಬದಲಿಸಲಾಗದು. ಬದಲಿಗೆ ಬೆಂಕಿ, ನೀರು, ಗಾಳಿ, ಮಣ್ಣು ಅಂತ ನಾಲ್ಕು ಅಟ್ಯೂನ್‌ಮೆಂಟ್. ಒಂದೊಂದರಲ್ಲೂ ಐದು ಆಯುಧದ ಸ್ಕಿಲ್, ಒಟ್ಟು 20. ನೀರಿಗೆ ಹೋದರೆ ಹೀಲ್ ಇದೆ, ಆದರೆ ಈಗ ತಾನೇ ನೀರಿನಿಂದ ಹೊರಗೆ ಬಂದಿದ್ದರೆ ಮತ್ತೆ ಹೋಗಲು ಕಾಯಬೇಕು. ಹಾಗಾಗಿ ಈ ಕ್ಷಣದ ಜೊತೆ ಮುಂದಿನ ಹತ್ತು ಸೆಕೆಂಡಿನ ಯೋಚನೆಯೂ ತಲೆಯಲ್ಲಿ ಓಡುತ್ತಿರಬೇಕು. ಮೇಲಿಂದ ಹೆಲ್ತ್ ಬೇರೆ ಕಡಿಮೆ.

ಲಾರ್ಡ್ ಆಫ್ ದಿ ರಿಂಗ್ಸ್ ಆನ್‌ಲೈನ್‌ನಲ್ಲಿ 2008ರಲ್ಲಿ ಬಂದ ವಾರ್ಡನ್ ಇನ್ನೂ ವಿಚಿತ್ರ. ಈಟಿ, ಗುರಾಣಿ, ಮುಷ್ಟಿ ಅಂತ ಮೂರು ಬಗೆಯ ಮೂಲ ಏಟುಗಳು. ಅವನ್ನು ಬೇರೆ ಬೇರೆ ಕ್ರಮದಲ್ಲಿ ಜೋಡಿಸಿದರೆ ಬೇರೆ ಬೇರೆ ಗ್ಯಾಂಬಿಟ್ ಆಗುತ್ತದೆ. ಒಂದು ಜೋಡಣೆ ರಕ್ಷಣೆ ಕೊಡುತ್ತದೆ, ಇನ್ನೊಂದು ಹೀಲ್, ಮತ್ತೊಂದು ಶತ್ರುವಿನ ಗಮನ ಎಳೆಯುತ್ತದೆ. ಬಟನ್ ಕಡಿಮೆ, ನೆನಪಿಡುವುದು ಬೆಟ್ಟದಷ್ಟು.

ಹಳಬರನ್ನು ಕೇಳಿದರೆ ಎವರ್‌ಕ್ವೆಸ್ಟ್‌ನ ಬಾರ್ಡ್ ಬಗ್ಗೆ ಹೇಳುತ್ತಾರೆ. 1999ರ ಗೇಮ್ ಅದು. ಬಾರ್ಡ್ ಹಾಡು ಶುರು ಮಾಡಿ, ಮುಗಿದ ಕೂಡಲೇ ನಿಲ್ಲಿಸಿ, ಅದರ ಪರಿಣಾಮ ಆರುವ ಮುಂಚೆ ಇನ್ನೊಂದು ಹಾಡು ಶುರು ಮಾಡಬೇಕು. ಹೀಗೆ ಮೂರು ನಾಲ್ಕು ಹಾಡು ಒಟ್ಟಿಗೆ ನಡೆಸುವುದಕ್ಕೆ ಟ್ವಿಸ್ಟಿಂಗ್ ಅನ್ನುತ್ತಿದ್ದರು. ಗಂಟೆಗಟ್ಟಲೆ ಅದೇ ಕೆಲಸ, ಬೆರಳಿಗೆ ಬಿಡುವೇ ಇಲ್ಲ. ಆಮೇಲೆ ಹಾಡುಗಳು ತಾವಾಗಿ ಸರದಿಯಲ್ಲಿ ಬರುವಂತೆ ಮೆಲೊಡಿ ಅನ್ನುವ ಕಮಾಂಡ್ ಕೊಟ್ಟರು. ನನಗೆ ಕೇಳಿದರೆ ಒಳ್ಳೆಯದೇ ಆಯಿತು. ಮಣಿಕಟ್ಟು ನೋಯಿಸುವುದು ಆಟದ ಕಷ್ಟ ಅಲ್ಲ.

ಹೊಡೆಯುವ ಕ್ಲಾಸ್‌ಗಳಲ್ಲಿ ಹತ್ತಿರದವು ಕಷ್ಟವೋ, ದೂರದವೋ?

ಬಾಸ್ ನೋಡಿ ಹೇಳಬೇಕು. ಹತ್ತಿರ ನಿಂತು ಹೊಡೆಯುವವರಿಗೆ ಬಾಸ್‌ನ ಕಾಲಬುಡದಲ್ಲಿ ಏನಾಗುತ್ತಿದೆ ಅಂತ ಕಾಣುವುದೇ ಇಲ್ಲ. ಬಾಸ್ ದೂರ ಹೋದರೆ ಡ್ಯಾಮೇಜ್ ನಿಂತಿತು. ಫೈನಲ್ ಫ್ಯಾಂಟಸಿ 14ರಲ್ಲಿ ಪೊಸಿಷನಲ್ ಅಂತ ಬೇರೆ ಇದೆ. ಕೆಲವು ಏಟು ಬೆನ್ನ ಹಿಂದಿನಿಂದ, ಕೆಲವು ಪಕ್ಕದಿಂದ ಬಿದ್ದರೆ ಮಾತ್ರ ಪೂರ್ತಿ ಡ್ಯಾಮೇಜ್.

ದೂರದವರಲ್ಲಿ ನಿಂತು ಮಂತ್ರ ಹಾಕಬೇಕಾದವರ ಗೋಳು ಬೇರೆ. ನೆಲದ ಮೇಲೆ ಏನು ಬಿದ್ದರೂ ಸರಿಯಬೇಕು, ಸರಿದರೆ ಮಂತ್ರ ಮುರಿಯುತ್ತದೆ. ಫೈನಲ್ ಫ್ಯಾಂಟಸಿ 14ರ ಬ್ಲ್ಯಾಕ್ ಮೇಜ್ ಆಡುವವರು ಎಲ್ಲಿ ನಿಂತರೆ ಕಡಿಮೆ ಓಡಬೇಕಾಗುತ್ತದೆ ಅಂತ ಪ್ರತಿ ಬಾಸ್‌ಗೂ ನಕ್ಷೆ ಹಾಕಿಕೊಳ್ಳುತ್ತಾರೆ. ಹೊಸ ಬಾಸ್‌ನ ಮುಂದೆ ಅವರಷ್ಟು ಪರದಾಡುವವರು ಇಲ್ಲ. ಬಾಸ್ ಪಾಠವಾದ ಮೇಲೆ ಅವರೇ ರಾಜರು.

ಪೆಟ್ ಇರುವ ಕ್ಲಾಸ್‌ಗಳು ಸುಲಭ ಅಲ್ವಾ?

ಒಬ್ಬರೇ ಆಡುವಾಗ ಖಂಡಿತ. ಗುಂಪಿನಲ್ಲಿ ಪೆಟ್ ಹೋಗಬಾರದ ಕಡೆ ಹೋಗಿ ಶತ್ರುಗಳ ಮೆರವಣಿಗೆಯನ್ನೇ ಕರೆತಂದರೆ ಬೈಸಿಕೊಳ್ಳುವವರು ನೀವೇ. ಕ್ಲಾಸಿಕ್ ವಾರ್‌ಕ್ರಾಫ್ಟ್‌ನ ಹಂಟರ್‌ಗೆ ಪೆಟ್ ಸಿಗುವುದೇ 10ನೇ ಲೆವೆಲ್‌ನಲ್ಲಿ. ಆಮೇಲೆ ಅದಕ್ಕೆ ಊಟ ಹಾಕಬೇಕು, ಬಾಣ ಖಾಲಿಯಾಗದಂತೆ ನೋಡಿಕೊಳ್ಳಬೇಕು. ಶತ್ರು ತೀರ ಹತ್ತಿರವೂ ಅಲ್ಲದ, ಸಾಕಷ್ಟು ದೂರವೂ ಅಲ್ಲದ ಒಂದು ಸಣ್ಣ ಅಂತರದಲ್ಲಿ ನಿಂತರೆ ಬಾಣವೂ ಬಿಡಲಾಗದು, ಕತ್ತಿಯೂ ತಾಗದು. ಸುಲಭದ ಕ್ಲಾಸ್ ಅನ್ನುವುದರಲ್ಲೂ ಇಷ್ಟು ಗೋಜು.

ಕಷ್ಟದ ಕ್ಲಾಸ್ ಆಡಿದರೆ ಡ್ಯಾಮೇಜ್ ಜಾಸ್ತಿ ಬರಬೇಕಲ್ವಾ? ನ್ಯಾಯ ಅದೇ ತಾನೇ?

ಕೇಳಲು ನ್ಯಾಯವೇ. ಆದರೆ ಗೇಮ್ ಮಾಡುವವರ ಜಾಗದಲ್ಲಿ ನಿಂತು ನೋಡಿ. ಕಷ್ಟದ ಕ್ಲಾಸ್‌ಗೆ ತುಂಬಾ ಹೆಚ್ಚು ಕೊಟ್ಟರೆ, ಮೇಲಿನ ಮಟ್ಟದ ಗುಂಪುಗಳು ಅದನ್ನು ಬಿಟ್ಟು ಬೇರೆ ಯಾರನ್ನೂ ಸೇರಿಸಿಕೊಳ್ಳುವುದಿಲ್ಲ. ಏನೂ ಕೊಡದಿದ್ದರೆ ಆ ಕ್ಲಾಸ್ ಯಾರೂ ಆಡುವುದಿಲ್ಲ. ಹಾಗಾಗಿ ಸ್ವಲ್ಪವೇ ಸ್ವಲ್ಪ ಹೆಚ್ಚು ಕೊಟ್ಟು ಬಿಡುತ್ತಾರೆ, ಅಥವಾ ಬೇರೆ ರೀತಿಯ ಉಪಯೋಗ ಕೊಡುತ್ತಾರೆ.

ಹಳೆಯ ಎವರ್‌ಕ್ವೆಸ್ಟ್ ಇದನ್ನು ತಲೆಕೆಳಗು ಮಾಡಿತ್ತು. ಪ್ಯಾಲಡಿನ್, ರೇಂಜರ್, ಶ್ಯಾಡೋ ನೈಟ್, ಬಾರ್ಡ್ ಇಂಥ ಮಿಶ್ರ ಕ್ಲಾಸ್‌ಗಳು ಎರಡು ಬಗೆಯ ಕೆಲಸ ಮಾಡುತ್ತವೆ ಅಂತ, ಅವಕ್ಕೆ ಲೆವೆಲ್ ಏರಲು ಬೇರೆಯವರಿಗಿಂತ ಹೆಚ್ಚು ಎಕ್ಸ್‌ಪೀರಿಯನ್ಸ್ ಬೇಕಾಗುವಂತೆ ಮಾಡಿದ್ದರು. ಆ ಹೊರೆ ಪಾರ್ಟಿಯಲ್ಲಿದ್ದ ಉಳಿದವರ ಮೇಲೂ ಬೀಳುತ್ತಿತ್ತು. ಪರಿಣಾಮ ಏನು? ಮಿಶ್ರ ಕ್ಲಾಸ್‌ನವರನ್ನು ಪಾರ್ಟಿಗೆ ಸೇರಿಸಲು ಜನ ಹಿಂದೆ ಮುಂದೆ ನೋಡಿದರು. ಆಮೇಲೆ ಆ ಪದ್ಧತಿ ತೆಗೆದರು.

ಇನ್ನು ಕೆಲವು ಸಲ ಕ್ಲಾಸ್ ಹಿಂದೆ ಬೀಳುವುದಕ್ಕೂ ಆಡುವವರಿಗೂ ಸಂಬಂಧವೇ ಇರುವುದಿಲ್ಲ. ಮೊದಲಿನ ವಾರ್‌ಕ್ರಾಫ್ಟ್‌ನಲ್ಲಿ ಒಂದು ಬಾಸ್ ಮೇಲೆ ಒಟ್ಟಿಗೆ ನಿಲ್ಲಬಹುದಾದ ಡಿಬಫ್‌ಗಳಿಗೆ (ಶತ್ರುವಿಗೆ ಕೆಡುಕು ಮಾಡುವ ಪರಿಣಾಮಗಳು) 16ರ ಮಿತಿ ಇತ್ತು. ರೇಡ್‌ಗೆ 40 ಜನ. ನಿಧಾನವಾಗಿ ಕೊಲ್ಲುವ ಶಾಪ, ವಿಷಗಳನ್ನೇ ನಂಬಿದ್ದ ವಾರ್‌ಲಾಕ್‌ಗಳಿಗೆ ಜಾಗವೇ ಸಿಗುತ್ತಿರಲಿಲ್ಲ. ಎಷ್ಟು ಚೆನ್ನಾಗಿ ಆಡಿದರೂ ಏನು ಮಾಡಲು ಸಾಧ್ಯ?

ಪ್ಯಾಚ್ (ಗೇಮ್‌ನ ಪರಿಷ್ಕರಣೆ) ಬಂದರೆ ಕಷ್ಟ ಸುಲಭ ಅದಲು ಬದಲಾಗುತ್ತಾ?

ಆಗುತ್ತದೆ. ಅದಕ್ಕೇ ಎರಡು ವರ್ಷ ಹಳೆಯ ಸಲಹೆ ಓದಿ ಕ್ಲಾಸ್ ಆರಿಸಬೇಡಿ. ಫೈನಲ್ ಫ್ಯಾಂಟಸಿ 14ರ ಸಮ್ಮನರ್ ಹಿಂದೆ ವಿಷದ ಮಂತ್ರ, ಪೆಟ್, ಎಲ್ಲದರ ಲೆಕ್ಕ ಇಡಬೇಕಾದ ಕ್ಲಾಸ್. 2021ರ ಎಂಡ್‌ವಾಕರ್ ವಿಸ್ತರಣೆಯಲ್ಲಿ ಅದನ್ನು ಬುಡದಿಂದ ಬದಲಿಸಿದರು. ಇವತ್ತು ಹೊಸಬರಿಗೆ ಮೊದಲು ಹೇಳುವ ಹೆಸರೇ ಅದು. ಬ್ಲ್ಯಾಕ್ ಮೇಜ್‌ಗೂ ಇಂಥದ್ದೇ ಆಯಿತು. ಬೆಂಕಿಯ ಸ್ಥಿತಿ ಆರಿಹೋಗದಂತೆ 15 ಸೆಕೆಂಡಿನ ಟೈಮರ್ ಕಾಯುವುದೇ ಆ ಕ್ಲಾಸ್‌ನ ಜೀವಾಳವಾಗಿತ್ತು. 2025ರ 7.2 ಪ್ಯಾಚ್‌ನಲ್ಲಿ ಆ ಟೈಮರ್ ತೆಗೆದರು. ವರ್ಷಗಟ್ಟಲೆ ಬೆವರು ಹರಿಸಿ ಕಲಿತವರಿಗೆ ಸಿಟ್ಟು ಬಂತು, ಹೆದರಿ ದೂರ ನಿಂತಿದ್ದವರಿಗೆ ಖುಷಿಯಾಯಿತು. ಎರಡೂ ಸರಿ ಅನ್ನಿಸುತ್ತದೆ ನನಗೆ.

ಒಂದೇ ಬಟನ್ ಒತ್ತಿ ಆಡುವ ಸೌಲಭ್ಯ ಬಂದಿದೆಯಂತೆ. ಅದನ್ನು ಬಳಸಿದರೆ ಮೋಸವಾ?

ವಾರ್‌ಕ್ರಾಫ್ಟ್‌ನಲ್ಲಿ 2025ರಲ್ಲಿ ಬಂತು. ಎರಡು ರೂಪ ಇದೆ. ಒಂದು, ಮುಂದಿನ ಬಟನ್ ಯಾವುದು ಅಂತ ಹೊಳೆದು ತೋರಿಸುತ್ತದೆ. ಇನ್ನೊಂದು, ಒಂದೇ ಬಟನ್ ಒತ್ತುತ್ತಾ ಹೋದರೆ ಗೇಮ್ ತಾನೇ ಸ್ಕಿಲ್ ಆರಿಸುತ್ತದೆ. ಎರಡನೆಯದರಲ್ಲಿ ಪ್ರತಿ ಏಟಿನ ನಡುವೆ ಸ್ವಲ್ಪ ಹೆಚ್ಚು ಕಾಯಬೇಕು, ಹಾಗಾಗಿ ಕೈಯಾರೆ ಆಡುವವರಷ್ಟು ಡ್ಯಾಮೇಜ್ ಬರುವುದಿಲ್ಲ. ಗೇಮ್ ತಾನೇ ಕೊಟ್ಟಿದ್ದನ್ನು ಬಳಸುವುದರಲ್ಲಿ ಮೋಸ ಎಲ್ಲಿಂದ ಬಂತು? ಬೆರಳು ನೋವಿರುವವರು, ಕಣ್ಣು ಮಂದ ಇರುವವರು ಇದರಿಂದ ಮತ್ತೆ ಆಡಲು ಶುರು ಮಾಡಬಹುದು. ಹೊಸಬರಿಗಾದರೆ ಹೊಳೆಯುವ ರೂಪ ಬಳಸಿ ಅಂತ ಹೇಳುತ್ತೇನೆ. ಯಾಕೆ ಈ ಬಟನ್ ಅಂತ ನೋಡುತ್ತಾ ನೋಡುತ್ತಾ ಕಲಿಯುತ್ತೀರಿ.

ನನ್ನ ನೆಟ್ ನಿಧಾನ. ಯಾವ ಕ್ಲಾಸ್‌ನಿಂದ ದೂರ ಇರಲಿ?

ಈ ಪ್ರಶ್ನೆ ಕೇಳುವವರು ಕಡಿಮೆ, ಕೇಳಬೇಕಾದವರು ಜಾಸ್ತಿ. ಪಿಂಗ್ (ನೆಟ್‌ನಿಂದಾಗುವ ವಿಳಂಬ) ಜಾಸ್ತಿ ಇದ್ದರೆ ಕೆಲವು ಕ್ಲಾಸ್‌ಗಳು ನಿಜಕ್ಕೂ ಕಷ್ಟವಾಗುತ್ತವೆ, ನಿಮ್ಮ ತಪ್ಪು ಏನೂ ಇಲ್ಲದೆ. ಫೈನಲ್ ಫ್ಯಾಂಟಸಿ 14ರಲ್ಲಿ ಮುಖ್ಯ ಸ್ಕಿಲ್‌ಗಳ ನಡುವೆ 2.5 ಸೆಕೆಂಡಿನ ಅಂತರ. ನಿಧಾನ ಅನ್ನಿಸುತ್ತದೆ. ಆದರೆ ಆ ಅಂತರದಲ್ಲಿ ಇನ್ನೂ ಒಂದೆರಡು ಸ್ಕಿಲ್ ತೂರಿಸಬೇಕು. ಪಿಂಗ್ ಜಾಸ್ತಿ ಇದ್ದರೆ ಎರಡನೆಯದು ಹಿಡಿಸುವುದಿಲ್ಲ, ಮುಂದಿನ ಮುಖ್ಯ ಏಟು ತಡವಾಗುತ್ತದೆ. ಹೀಗೆ ತೂರಿಸುವ ಕೆಲಸ ಜಾಸ್ತಿ ಇರುವ ಕ್ಲಾಸ್ ಬೇಡ. ಎಲ್ಡರ್ ಸ್ಕ್ರೋಲ್ಸ್ ಆನ್‌ಲೈನ್‌ನಲ್ಲೂ ಪ್ರತಿ ಸ್ಕಿಲ್ ನಡುವೆ ಒಂದು ಸಣ್ಣ ಏಟು ಸೇರಿಸುವ ವೀವಿಂಗ್ ಇದೆ, ಅದೂ ಪಿಂಗ್‌ಗೆ ತಕ್ಕಂತೆ ಕುಣಿಯುತ್ತದೆ. ಉದ್ದ ಮಂತ್ರ ಹಾಕುವ ಕ್ಲಾಸ್, ಕಿರಣ ಹಿಡಿದು ನಿಲ್ಲುವ ಕ್ಲಾಸ್ ನಿಧಾನ ನೆಟ್‌ಗೆ ವಾಸಿ.

ಶತ್ರುವಿನ ಮಂತ್ರ ತಡೆಯುವ ಕೆಲಸ ನಿಮ್ಮದಾದರೆ, ಕೊನೆ ಕ್ಷಣದವರೆಗೆ ಕಾಯಬೇಡಿ. ಕಂಡ ಕೂಡಲೇ ಒತ್ತಿ.

ಪಿವಿಪಿಯಲ್ಲಿ (ಆಟಗಾರರು ಪರಸ್ಪರ ಹೊಡೆದಾಡುವುದು) ಲೆಕ್ಕ ಬೇರೆಯಾ?

ಪೂರ್ತಿ ಬೇರೆ. ಬಾಸ್ ಪ್ರತಿ ಸಲ ಅದೇ ಕ್ರಮದಲ್ಲಿ ಹೊಡೆಯುತ್ತದೆ. ಎದುರಿನ ಮನುಷ್ಯರು ಹಾಗಲ್ಲ. ಬಾಸ್ ಮುಂದೆ ಸಲೀಸಾಗಿ ಆಡುವ ಎಷ್ಟೋ ಕ್ಲಾಸ್‌ಗಳಿಗೆ ಇಲ್ಲಿ ಉಸಿರಾಡಲು ಬಿಡುವುದಿಲ್ಲ, ಅದರಲ್ಲೂ ನಿಂತು ಮಂತ್ರ ಹಾಕುವವರಿಗೆ. ರೋಗ್‌ನಂತೆ ಅಡಗಿ ಬರುವವರು ಜಗಳ ಯಾವಾಗ ಶುರುವಾಗಬೇಕು ಅಂತ ತಾವೇ ಆರಿಸುತ್ತಾರೆ. ಅದೇ ಅರ್ಧ ಗೆಲುವು. ಆದರೆ ಆ ಮೊದಲ ಏಟುಗಳಲ್ಲಿ ಕೆಲಸ ಮುಗಿಯದಿದ್ದರೆ ರೋಗ್ ಗತಿ ಮುಗಿದಂತೆಯೇ, ಹೊಸಬರಿಗೆ ಅಂತೂ.

ಸತ್ತರೆ ಮುಗಿಯಿತು ಅನ್ನುವ ಹಾರ್ಡ್‌ಕೋರ್‌ನಲ್ಲಿ ಯಾವುದು?

2023ರಲ್ಲಿ ಕ್ಲಾಸಿಕ್ ವಾರ್‌ಕ್ರಾಫ್ಟ್‌ಗೆ ಅಧಿಕೃತ ಹಾರ್ಡ್‌ಕೋರ್ ಸರ್ವರ್‌ಗಳು ಬಂದವು. ಒಂದೇ ಜೀವ. ಅಲ್ಲಿ ಡ್ಯಾಮೇಜ್ ಎಷ್ಟು ಅಂತ ಯಾರೂ ಕೇಳುವುದಿಲ್ಲ, ಓಡಲು ಏನಿದೆ ಅಂತ ಕೇಳುತ್ತಾರೆ. ಹಂಟರ್ ಸತ್ತಂತೆ ಬಿದ್ದುಕೊಳ್ಳಬಹುದು. ಮೇಜ್ ಶತ್ರುವನ್ನು ಹಿಮದಲ್ಲಿ ಕಟ್ಟಿ ಹಾಕಿ ಜಿಗಿಯಬಹುದು. ರೋಗ್ ಮಾಯವಾಗಬಹುದು. ವಾರಿಯರ್‌ಗೆ ಇಂಥದ್ದು ಹೆಚ್ಚೇನೂ ಇಲ್ಲ. ಹಾರ್ಡ್‌ಕೋರ್‌ನಲ್ಲಿ ಕೊನೆಯ ಲೆವೆಲ್ ಮುಟ್ಟಿದ ವಾರಿಯರ್ ಕಂಡರೆ ಒಂದು ನಮಸ್ಕಾರ ಹಾಕಿ.

ಕ್ಲಾಸ್ ಆರಿಸುವ ಪರದೆಯಲ್ಲಿ ಕಷ್ಟದ ಸ್ಟಾರ್ ತೋರಿಸುತ್ತಾರಲ್ಲ, ನಂಬಬಹುದೇ?

ಮೊದಲ ಕೆಲವು ಗಂಟೆಗಳ ಮಟ್ಟಿಗೆ ನಂಬಿ. ಆ ಸ್ಟಾರ್‌ಗಳು ಹೊಸಬರಿಗಾಗಿ ಹಾಕಿದವು, ಕೊನೆಯ ಹಂತದ ರೇಡ್ ಬಗ್ಗೆ ಏನೂ ಹೇಳುವುದಿಲ್ಲ. ಇನ್ನೊಂದು ತೊಡಕು, ಅವು ಕ್ಲಾಸ್ ಪೂರ್ತಿಗೆ ಒಂದೇ ಅಂಕ ಕೊಡುತ್ತವೆ. ವಾರ್‌ಕ್ರಾಫ್ಟ್‌ನಲ್ಲಿ 2023ರ ಹೊತ್ತಿಗೆ 13 ಕ್ಲಾಸ್, 39 ಸ್ಪೆಕ್ ಇದ್ದವು. ಡ್ರೂಯಿಡ್ ಒಂದೇ ಕ್ಲಾಸ್, ಆದರೆ ಕರಡಿಯಾಗಿ ಟ್ಯಾಂಕ್ ಮಾಡುವುದಕ್ಕೂ ಬೆಕ್ಕಾಗಿ ಗಾಯಗಳ ಲೆಕ್ಕ ಇಟ್ಟು ಹೊಡೆಯುವುದಕ್ಕೂ ಅಜಗಜಾಂತರ. ಸ್ಪೆಕ್ ಹೆಸರು ಹೇಳದೆ ಕಷ್ಟ ಸುಲಭ ಹೇಳುವವರ ಮಾತು ಅರ್ಧಕ್ಕೆ ಅರ್ಧ ಬಿಟ್ಟುಬಿಡಿ.

ಟಿಯರ್ ಲಿಸ್ಟ್‌ಗಳು (ಕ್ಲಾಸ್‌ಗಳ ಶ್ರೇಣಿ ಪಟ್ಟಿಗಳು)?

ಅವು ಬಲ ಹೇಳುತ್ತವೆ, ಕಷ್ಟ ಹೇಳುವುದಿಲ್ಲ. ಅದೂ ಪರಿಣತರ ಕೈಯಲ್ಲಿನ ಬಲ. ಪಟ್ಟಿಯ ತುದಿಯಲ್ಲಿರುವ ಕ್ಲಾಸ್ ನಿಮ್ಮ ಕೈಯಲ್ಲಿ ಮಧ್ಯದ ಕ್ಲಾಸ್‌ಗಿಂತ ಕಡಿಮೆ ಕೆಲಸ ಮಾಡುವುದು ಮಾಮೂಲು.

ಅರ್ಧ ದಾರಿಯಲ್ಲಿದ್ದೇನೆ, ಕ್ಲಾಸ್ ತುಂಬಾ ಕಷ್ಟ ಅನ್ನಿಸುತ್ತಿದೆ. ಬದಲಿಸಲೇ?

ಮೊದಲು ಯಾವ ಕಷ್ಟ ಅಂತ ನೋಡಿ. ಸ್ಕಿಲ್‌ಗಳ ಕ್ರಮ ತಲೆಗೆ ಹತ್ತುತ್ತಿಲ್ಲ ಅಂದರೆ ಸ್ವಲ್ಪ ತಾಳಿ, ಬೊಂಬೆ ಮುಂದೆ ನಿಂತು ಅಭ್ಯಾಸ ಮಾಡಿ, ಅದು ಬಂದೇ ಬರುತ್ತದೆ. ಬಟನ್‌ಗಳನ್ನು ಕೈಗೆ ಎಟಕುವ ಕೀಗಳಿಗೆ ಬದಲಿಸಿ ನೋಡಿ. ಅರ್ಧ ಕಷ್ಟ ಅಲ್ಲೇ ಕರಗುವುದುಂಟು. ಸಾಯುವುದು ಜಾಸ್ತಿಯಾಗಿದೆ ಅಂದರೆ ಗೇರ್ ಹಳೆಯದಾಗಿರಬಹುದು. ಆದರೆ ಆ ಕ್ಲಾಸ್‌ನ ಕೆಲಸವೇ ನಿಮಗೆ ಹಿಡಿಸುತ್ತಿಲ್ಲ, ಪ್ರತಿ ಡಂಜನ್ ಮುಂಚೆ ಎದೆ ಹೊಡೆದುಕೊಳ್ಳುತ್ತದೆ ಅಂದರೆ ಬದಲಿಸಿ, ಯೋಚನೆ ಬೇಡ.

ಬದಲಿಸುವ ಖರ್ಚು ಗೇಮ್‌ನಿಂದ ಗೇಮ್‌ಗೆ ಬೇರೆ. ಫೈನಲ್ ಫ್ಯಾಂಟಸಿ 14ರಲ್ಲಿ ಒಂದೇ ಪಾತ್ರದಲ್ಲಿ ಎಲ್ಲ ಜಾಬ್‌ಗಳನ್ನೂ (ಅಲ್ಲಿ ಕ್ಲಾಸ್‌ಗೆ ಹೇಳುವ ಹೆಸರು) ಕಲಿಯಬಹುದು, ಆಯುಧ ಬದಲಿಸಿದರೆ ಜಾಬ್ ಬದಲಾಯಿತು. ವಾರ್‌ಕ್ರಾಫ್ಟ್‌ನಲ್ಲಿ ಹೊಸ ಪಾತ್ರ ಶುರು ಮಾಡಬೇಕು, ಆದರೆ ಅದೇ ಕ್ಲಾಸ್‌ನ ಬೇರೆ ಸ್ಪೆಕ್‌ಗೆ ಹೋಗುವುದು ಸುಲಭ. ಹಾಗಾಗಿ ಮೊದಲು ಸ್ಪೆಕ್ ಬದಲಿಸಿ ನೋಡಿ. ಹಿಂದೆ ಇಷ್ಟು ಉದಾರ ಇರಲಿಲ್ಲ. 2000ದಲ್ಲಿ ಬಂದ ಡಯಾಬ್ಲೋ 2ರಲ್ಲಿ ಒಮ್ಮೆ ಹಾಕಿದ ಸ್ಕಿಲ್ ಪಾಯಿಂಟ್ ವಾಪಸ್ ತೆಗೆಯುವ ಅವಕಾಶ ಬಂದಿದ್ದು 2010ರ 1.13 ಪ್ಯಾಚ್‌ನಲ್ಲಿ. ಅಲ್ಲಿಯವರೆಗೆ ಪಾಯಿಂಟ್ ತಪ್ಪು ಕಡೆ ಹಾಕಿದವರು ಮತ್ತೆ ಒಂದನೇ ಲೆವೆಲ್‌ನಿಂದಲೇ ಶುರು ಮಾಡಬೇಕಿತ್ತು.